ಮುಧೋಳ ನಾಯಿಗೆ ಯಾವ ಸಂಸ್ಥೆಯ ಆಸರೆ?

ಶಿರಸಿಯ ತೋಟದ ಮನೆಗೆ ಮುಧೋಳ ಮರಿಯನ್ನು ತರಲಿರುವ ತಾವು, ತಳಿನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾ ಮತ್ತು ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಇವುಗಳಲ್ಲಿ ಯಾವುದನ್ನು ನೆಚ್ಚಬೇಕೆಂದು ಕೇಳಿದ್ದೀರಿ.

ಪ್ರದರ್ಶನಗಳಲ್ಲಿ ಭಾಗವಹಿಸುವ ಹಂಬಲವಿದ್ದರೆ ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಮೊದಲನೆಯದೇ ಅನುಕೂಲ. ಆದರೆ ಅಲ್ಲಿ ಈ ತಳಿ ಕ್ಯಾರವಾನ್ ಹೌಂಡ್ ಎಂದು ದಾಖಲಾಗುತ್ತದೆ, ಗುರುತಿಗಾಗಿ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ಪನ್ನು ಚರ್ಮದಡಿ ಸೇರಿಸಬೇಕಾಗುತ್ತದೆ. ಕಾಗದದಲ್ಲಿ ಮುಧೋಳವೆಂಬ ಹೆಸರೇ ಇರಬೇಕೆಂದರೆ (ನನಗಂತೂ ಇರಬೇಕು) ಎರಡನೆಯದು ಒಪ್ಪುತ್ತದೆ.

ತಿಮ್ಮಾಪುರ ಬಾಗಲಕೋಟೆ ಜಿಲ್ಲೆಯಲ್ಲಿದ್ದು, ನಮಗೆ ದೂರ. ಆದರೂ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆ ಕೇಂದ್ರ ಈ ತಳಿಯ ಸಂವರ್ಧನೆಗೆಂದೇ ಇರುವುದರಿಂದ, ಮರಿಯನ್ನು ಇನ್ನೂ ಆರಿಸಿರದವರು ಮೊದಲು ಅಲ್ಲಿ ವಿಚಾರಿಸುವುದು ಲೇಸು. ಬಯಲುಸೀಮೆಯ ಈ ಸಣ್ಣ ರೋಮದ ನಾಯಿಯ ಕಿವಿಯಂಚಿಗೆ ನಮ್ಮ ಕಾಡಿನ ಉಣುಗು ಕಚ್ಚಿಕೊಂಡಾಗ ಮಾತ್ರ ಊರಿನ ಪಶುವೈದ್ಯರೇ ಗತಿ.