ಜಾಲರಿ ಚೀಲದಲ್ಲಿ ಹಸಿ ಸೌದೆ ಒಣಗಿಸಲು ಹೊರಟವರಿಗೆ ಒಂದು ಎಚ್ಚರಿಕೆ

ಇಂಗ್ಲೆಂಡಿನಲ್ಲಿ ನೆಲೆಸಿ, ಚಳಿಗಾಲಕ್ಕೆಂದು ಮನೆಯಲ್ಲಿ ಸೌದೆ ಉರಿಸುವ ಕಬ್ಬಿಣದ ಒಲೆ ಇಟ್ಟುಕೊಂಡಿರುವ ಕನ್ನಡಿಗರು ಈ ಬರಹವನ್ನು ದಯವಿಟ್ಟು ಪೂರ್ತಿ ಓದಬೇಕು. ಗಾಳಿಯಾಡುವ ದೊಡ್ಡ ಜಾಲರಿ ಚೀಲಗಳಲ್ಲಿ ಬರುವ ಹಸಿ ಸೌದೆ ಚೀಲದಲ್ಲೇ ತಾನಾಗಿ ಒಣಗುತ್ತದೆ ಎಂದು ನಂಬಿ ನಾವು ಒಂದು ಚಳಿಗಾಲದ ಸೌದೆಯನ್ನೆಲ್ಲ ಹಾಳುಮಾಡಿಕೊಂಡೆವು. ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಚಿಮಣಿಗೆ ಬೆಂಕಿ ಹೊತ್ತಿಕೊಳ್ಳಬಹುದಾದ ಸ್ಥಿತಿಗೆ ಮನೆ ಬಂದು ನಿಂತಿತ್ತು.

ನಾವಿರುವುದು ಯಾರ್ಕ್‌ಷೈರಿನ ಒಂದು ಹಳ್ಳಿಯಲ್ಲಿ. ಮೂರು ವರ್ಷಗಳ ಹಿಂದಿನ ಏಪ್ರಿಲ್‌ನಲ್ಲಿ ಸೌದೆ ವ್ಯಾಪಾರಿಯೊಬ್ಬರಿಂದ ಮೂರು ಚೀಲ ತರಿಸಿದೆವು. ಎರಡರಲ್ಲಿ ಆಶ್ ಮರದ ಸೀಳು, ಒಂದರಲ್ಲಿ ಓಕ್. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದ ಶಿಲೀಂಧ್ರ ರೋಗದಿಂದ ಆಶ್ ಮರಗಳು ಸಾಯುತ್ತಿರುವುದರಿಂದ, ಕಡಿದ ಆಶ್ ಎಲ್ಲೆಡೆ ಸಿಗುತ್ತದೆ. ಪ್ರತಿ ಚೀಲ ಉದ್ದ, ಅಗಲ, ಎತ್ತರ ಮೂರರಲ್ಲೂ 90 ಸೆಂಟಿಮೀಟರ್. ಮೂರೂ ಸೇರಿದರೆ 2 ಘನ ಮೀಟರ್‌ಗಿಂತ ತುಸು ಹೆಚ್ಚು. ಈ ‘ತುಸು ಹೆಚ್ಚು’ ಎಷ್ಟು ಮುಖ್ಯ ಎಂಬುದು ನನಗೆ ಆಗ ತಿಳಿದಿರಲಿಲ್ಲ. 2021ರ ಮೇ 1ರಂದು ಜಾರಿಗೆ ಬಂದ ನಿಯಮದಂತೆ ಇಂಗ್ಲೆಂಡಿನಲ್ಲಿ 2 ಘನ ಮೀಟರ್‌ಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ 20ನ್ನು ಮೀರುವಂತಿಲ್ಲ, ಮತ್ತು ಅದಕ್ಕೆ ‘ರೆಡಿ ಟು ಬರ್ನ್’ ಗುರುತು ಇರಬೇಕು. ಅದಕ್ಕಿಂತ ಹೆಚ್ಚು ಕೊಂಡರೆ ಹಸಿ ಸೌದೆಯನ್ನೂ ಮಾರಬಹುದು, ಒಣಗಿಸುವ ವಿಧಾನ ತಿಳಿಸುವ ಸೂಚನೆ ಜೊತೆಗಿದ್ದರೆ ಸಾಕು. ನಮಗೂ ಒಂದು ಹಾಳೆ ಬಂದಿತ್ತು, ನಾನು ಓದದೆ ಎತ್ತಿಟ್ಟೆ. ‘ಗಾಳಿಯಾಡುವ ಚೀಲ, ಅಕ್ಟೋಬರ್ ಹೊತ್ತಿಗೆ ತಯಾರು’ ಎಂದು ವ್ಯಾಪಾರಿ ಹೇಳಿದ ಮಾತನ್ನೇ ನಂಬಿದೆ.

ಚೀಲಗಳನ್ನು ಮನೆಯ ಉತ್ತರ ಗೋಡೆಗೆ ಒತ್ತಿ, ಹುಲ್ಲಿನ ಮೇಲೆಯೇ ಸಾಲಾಗಿ ಇರಿಸಿ, ಮಳೆ ಬೀಳದಿರಲೆಂದು ಟಾರ್ಪಾಲಿನ್ನನ್ನು ನೆಲದವರೆಗೂ ಇಳಿಬಿಟ್ಟು ಹಗ್ಗ ಬಿಗಿದೆವು. ಬಿಸಿಲು ತಾಗದ ಜಾಗ, ಕೆಳಗೆ ತೇವದ ನೆಲ, ಸುತ್ತ ಪ್ಲಾಸ್ಟಿಕ್. ಜಾಲರಿ ಯಾವ ಉದ್ದೇಶಕ್ಕಿತ್ತೋ ಅದನ್ನು ನಾವೇ ಮುಚ್ಚಿದ್ದೆವು. ಜಾಲರಿ ಇರುವುದು ಪಕ್ಕಗಳಿಗೆ ಮಾತ್ರ. ನಮ್ಮ ಚೀಲಗಳ ತಳ ಒತ್ತಾಗಿ ನೇಯ್ದ ಪಾಲಿಪ್ರೊಪಿಲೀನ್ ಬಟ್ಟೆಯದು, ಅಲ್ಲಿ ನೀರು ನಿಲ್ಲುತ್ತದೆ. ಸೀಳುಗಳನ್ನು ಅಡ್ಡಾದಿಡ್ಡಿ ಸುರಿದು ತುಂಬಿದ ಚೀಲದ ನಟ್ಟನಡುವೆ ಇರುವ ತುಂಡು ಯಾವ ಪಕ್ಕದಿಂದ ನೋಡಿದರೂ ಒಂದೂವರೆ ಅಡಿ ಒಳಗಿರುತ್ತದೆ. ಗಾಳಿ ಅಲ್ಲಿಗೆ ತಲುಪುವಷ್ಟರಲ್ಲಿ ತೇವದಿಂದ ಭಾರವಾಗಿರುತ್ತದೆ.

ಅಕ್ಟೋಬರ್‌ನಲ್ಲಿ ಮೊದಲ ಚೀಲ ಬಿಚ್ಚಿದಾಗ ಮೇಲಿನ ಪದರ ಬಿರುಕುಬಿಟ್ಟು ಹಗುರಾಗಿತ್ತು, ತೇವಾಂಶ ಮಾಪಕ 18 ತೋರಿಸಿತು. ಅದನ್ನು ನೋಡಿಯೇ ಸಮಾಧಾನಪಟ್ಟು ಉರಿಸತೊಡಗಿದೆವು. ಎರಡು ವಾರ ಕಳೆದು ನಡುವಿನ ಪದರಕ್ಕೆ ಬಂದಾಗ ಸೌದೆ ಬುಸುಗುಟ್ಟಿತು, ತುದಿಯಲ್ಲಿ ನೊರೆ ಕಂಡಿತು, ಒಲೆಯ ಗಾಜು ಒಂದೇ ಸಂಜೆಗೆ ಕಪ್ಪಾಯಿತು. ಉರಿ ಸಾಲದೆಂದು ಇನ್ನಷ್ಟು ತುಂಬಿದೆವು. ರಾತ್ರಿಯಿಡೀ ಉಳಿಯಲೆಂದು ಗಾಳಿಯ ಕಿಂಡಿ ಮುಚ್ಚಿದೆವು. ತಳದ ತುಂಡುಗಳ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು.

ಜನವರಿಯಲ್ಲಿ ಚಿಮಣಿ ಶುಚಿಗೊಳಿಸಲು ಬಂದವರು ಬ್ರಷ್ ಹೊರತೆಗೆದಾಗ ಉದುರಿದ್ದು ನಮ್ಮೂರ ಅಡುಗೆಮನೆಯಲ್ಲಿ ಜೋತುಬೀಳುತ್ತಿದ್ದ ಇಲ್ಲಣದಂಥ ಹಗುರ ಮಸಿಯಲ್ಲ, ಡಾಂಬರಿನಂತೆ ಹೊಳೆಯುವ ಗಟ್ಟಿ ಪದರದ ಚೂರುಗಳು. ಇದು ಕ್ರಿಯೊಸೋಟ್. ಹಸಿ ಸೌದೆಯ ಶಾಖದ ಒಂದು ಪಾಲು ನೀರನ್ನು ಆವಿಮಾಡುವುದಕ್ಕೇ ಹೋಗುತ್ತದೆ: ಶೇ 40 ತೇವವಿರುವ ಒಂದು ಕಿಲೊ ತುಂಡಿನಲ್ಲಿ 400 ಗ್ರಾಂ ನೀರೇ ಇರುತ್ತದೆ. ಹಾಗಾಗಿ ಬೆಂಕಿ ತಣ್ಣಗಿರುತ್ತದೆ, ಪೂರ್ತಿ ಉರಿಯದ ಹೊಗೆ ತಣ್ಣನೆಯ ಕೊಳವೆಗೆ ಅಂಟಿಕೊಳ್ಳುತ್ತದೆ, ಮತ್ತು ಮುಂದೊಂದು ದಿನ ಒಣ ಸೌದೆಯ ಜೋರಾದ ಉರಿ ತಾಗಿದರೆ ಅದೇ ಪದರ ಹೊತ್ತಿಕೊಳ್ಳಬಲ್ಲದು. ಕೊಳವೆ ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಮರಳುವ ಅಪಾಯವೂ ಇದೆ. ಮಗು ಅದೇ ಕೋಣೆಯಲ್ಲಿ ಮಲಗುತ್ತಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮುಂಗಾರು ಹಿಡಿಯುವ ಮೊದಲೇ ಸೌದೆ ಕೊಟ್ಟಿಗೆ ತುಂಬುತ್ತಿದ್ದ ಅಜ್ಜ, ಅಡಿಗೆ ದಪ್ಪ ದಿಮ್ಮಿಗಳನ್ನು ಹಾಸಿ, ಸೀಳುಗಳನ್ನು ನಡುನಡುವೆ ಸಂದು ಬಿಟ್ಟು ಒಟ್ಟಿ, ಮೇಲೆ ಮಾತ್ರ ಮಾಡು ಹಾಕಿ ಪಕ್ಕಗಳನ್ನು ತೆರೆದೇ ಬಿಡುತ್ತಿದ್ದರು. ಆ ಬುದ್ಧಿ ಇಲ್ಲಿಗೂ ಹೊಂದುತ್ತಿತ್ತು, ನಾನು ಬಳಸಲಿಲ್ಲ.

ಚೀಲದಲ್ಲೇ ಒಣಗಿಸುವವರು ಅದನ್ನು ಮರದ ಪ್ಯಾಲೆಟ್ ಮೇಲೆ, ಗಾಳಿ ಬಿಸಿಲು ಬೀಳುವೆಡೆ, ಗೋಡೆಯಿಂದಲೂ ಇನ್ನೊಂದು ಚೀಲದಿಂದಲೂ ದೂರವಿಟ್ಟು, ನೆತ್ತಿಯನ್ನಷ್ಟೇ ಮುಚ್ಚಬೇಕು. ಓಕ್‌ಗೆ ಒಂದು ಬೇಸಿಗೆ ಸಾಲದು, ಎರಡು ವರ್ಷ ಹಿಡಿಯುವುದು ಸಾಮಾನ್ಯ. ಬಿಸಿಲಿಗೆ ದಾರ ಸತ್ವ ಕಳೆದುಕೊಳ್ಳುವುದರಿಂದ ಹಳೆಯ ಚೀಲವನ್ನು ಕಿವಿ ಹಿಡಿದು ಎತ್ತಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಾಪಕವನ್ನು ತುಂಡಿನ ಹೊರಮೈಗೆ ಒತ್ತಬೇಡಿ. ಚೀಲದ ನಡುವಿನಿಂದ ಒಂದು ತುಂಡು ತೆಗೆದು, ಆಗಲೇ ಸೀಳಿ, ಹೊಸ ಮೈಯ ಮಧ್ಯಕ್ಕೆ ಚುಚ್ಚಿ. ಮಾಪಕದ ಲೆಕ್ಕವನ್ನೂ ತಿಳಿದುಕೊಳ್ಳಿ: ಒಟ್ಟು ತೂಕದ ಮೇಲೆ ಶೇ 20 ಇರುವ ತುಂಡು, ಒಣ ತೂಕದ ಲೆಕ್ಕದಲ್ಲಿ ಶೇ 25 ಆಗುತ್ತದೆ.

ಉಳಿದ ಓಕ್ ಚೀಲವನ್ನು ಫೆಬ್ರವರಿಯಲ್ಲಿ ಬಿಚ್ಚಿ, ಬೂಷ್ಟು ಹಿಡಿದದ್ದನ್ನು ಬೇರ್ಪಡಿಸಿ, ಮಿಕ್ಕದ್ದನ್ನು ದಕ್ಷಿಣದ ಬೇಲಿಯ ಬಳಿ ಪ್ಯಾಲೆಟ್ ಮೇಲೆ ಒಂದೇ ಸಾಲಾಗಿ ಒಟ್ಟಿದೆವು. ಅದು ಉರಿಸಲು ಯೋಗ್ಯವಾದದ್ದು ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ.