ಕಾಸಿಗಿಂತ ಮಿಗಿಲಾದ ಕಜ್ಜಾಯ: ಆಡಮ್ ಲೆ ಫಾಂಡ್ರೆ ಎಂಬ ಗೋಲಿನ ಸೇವೆ

ಸೇವೆ: ಪೆನಾಲ್ಟಿ ಬಾಕ್ಸ್ ಒಳಗೆ ಗೋಲು ಹೊಡೆದುಕೊಡುವುದು. ಕೊಡುವಾತ: ಆಡಮ್ ಲೆ ಫಾಂಡ್ರೆ, 1986ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದ, ಐದಡಿ ಒಂಬತ್ತು ಅಂಗುಲದ ಫುಟ್‌ಬಾಲ್ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರ. ಬಳಸಿ ನೋಡಿದವರು: ಸ್ಟಾಕ್‌ಪೋರ್ಟ್, ರೋಚ್‌ಡೇಲ್, ರಾದರಮ್, ರೆಡಿಂಗ್, ಕಾರ್ಡಿಫ್, ಬೋಲ್ಟನ್, ವುಲ್ವ್ಸ್, ವಿಗನ್, ಆಸ್ಟ್ರೇಲಿಯಾದ ಸಿಡ್ನಿ ಎಫ್‌ಸಿ, ನಮ್ಮ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಮುಂಬೈ ಸಿಟಿ ಮೊದಲಾದವರು. ಇಷ್ಟು ಕೈ ಬದಲಾದ ಆಟಗಾರ ಅಂದರೆ ಏನೋ ಐಬಿರಬೇಕು ಎಂದು ಮೊದಲು ಅನಿಸುವುದು ಸಹಜ. ಆದರೆ ಈ ಪಟ್ಟಿಯನ್ನು ಒಂದೊಂದೇ ಬಿಡಿಸಿ ನೋಡಿದರೆ ಐಬು ಬಹುಪಾಲು ಕೊಂಡವರ ಕಡೆಯೇ ಇತ್ತು ಅನ್ನುವುದು ಗೊತ್ತಾಗುತ್ತದೆ.

ಅತಿ ಹೆಚ್ಚು ಲಾಭ ಪಡೆದ ಗಿರಾಕಿ ರೆಡಿಂಗ್. 2011ರಲ್ಲಿ ಮೇಲಿನ ದರ್ಜೆಗೆ ಏರಲು ಆಡುವ ಪ್ಲೇ-ಆಫ್ ಫೈನಲ್‌ನಲ್ಲಿ ಸ್ವಾನ್ಸಿ ಎದುರು 4-2ರಿಂದ ಸೋತು, ಆಗಸ್ಟ್‌ನಲ್ಲಿ ಸ್ಟ್ರೈಕರ್ ಶೇನ್ ಲಾಂಗ್ ವೆಸ್ಟ್ ಬ್ರಾಮ್‌ಗೆ ಹೊರಟುಹೋದ ಮೇಲೆ ಮ್ಯಾನೇಜರ್ ಬ್ರಯಾನ್ ಮೆಕ್‌ಡರ್ಮಟ್‌ಗೆ ತುರ್ತಾಗಿ ಗೋಲು ಹೊಡೆಯುವವನೊಬ್ಬ ಬೇಕಿತ್ತು. ಕೈಯಲ್ಲಿ ದೊಡ್ಡ ದುಡ್ಡಿರಲಿಲ್ಲ. ನಾಲ್ಕನೇ ದರ್ಜೆಯ ರಾದರಮ್‌ನಿಂದ ಸುಮಾರು 3.5 ಲಕ್ಷ ಪೌಂಡ್‌ಗೆ ಲೆ ಫಾಂಡ್ರೆಯನ್ನು ತಂದರು. ಮೊದಲ ಸೀಸನ್‌ನಲ್ಲಿ 12 ಲೀಗ್ ಗೋಲು, ತಂಡ ಎರಡನೇ ದರ್ಜೆಯ ಚಾಂಪಿಯನ್‌ಷಿಪ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಏರಿತು. ಪ್ರೀಮಿಯರ್ ಲೀಗ್‌ನಲ್ಲೂ 12. ತಂಡ ಮತ್ತೆ ಎರಡನೇ ದರ್ಜೆಗೆ ಇಳಿದ ಮೇಲಿನ ಸೀಸನ್‌ನಲ್ಲಿ 15. ಮೂರು ಸೀಸನ್, 39 ಲೀಗ್ ಗೋಲು. ಸಂಬಳ ಬಿಟ್ಟು ಕೊಂಡ ಬೆಲೆಯನ್ನಷ್ಟೇ ಭಾಗಿಸಿದರೆ ಒಂದು ಗೋಲಿಗೆ ಸುಮಾರು 9,000 ಪೌಂಡ್. ಆ ದರ್ಜೆಯ ಆಟದಲ್ಲಿ ಇದು ಬಿಟ್ಟಿ ಅನ್ನಬೇಕು. 2012-13ರಲ್ಲಿ ಅದೇ ತಂಡಕ್ಕೆ ಬಂದ ರಷ್ಯಾದ ಹೆಸರಾಂತ ಪಾವೆಲ್ ಪೊಗ್ರೆಬ್ನ್ಯಾಕ್ ಲೀಗ್‌ನಲ್ಲಿ ಹೊಡೆದದ್ದು 5. ಇಡೀ ತಂಡ ಆ ವರ್ಷ ಹೊಡೆದದ್ದೇ 43. ಅದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಈ ಒಬ್ಬನ ಕಾಲಿಂದ.

ಈಗ ಬಳಸುವ ವಿಧಾನ. ಇಲ್ಲಿಯೇ ಹೆಚ್ಚಿನವರು ಎಡವಿದ್ದು.

ಲೆ ಫಾಂಡ್ರೆಯ ಕೆಲಸ ನಡೆಯುವುದು ಆರು ಗಜದ ಗೆರೆಗೂ ಪೆನಾಲ್ಟಿ ಚುಕ್ಕೆಗೂ ನಡುವಿನ ಜಾಗದಲ್ಲಿ, ಅಂದರೆ ಗೋಲಿನಿಂದ ಐದೂವರೆ ಮೀಟರ್‌ನಿಂದ ಹನ್ನೊಂದು ಮೀಟರ್ ಒಳಗೆ. ವಿಂಗರ್, ಅಂದರೆ ಅಂಗಳದ ಬದಿಯಲ್ಲಿ ಆಡುವವನು, ಚೆಂಡನ್ನು ಗೋಲ್ ಲೈನ್‌ವರೆಗೆ ಕೊಂಡೊಯ್ದಾಗ ಡಿಫೆಂಡರ್‌ಗಳು ತಮ್ಮ ಗೋಲಿನ ಕಡೆಗೇ ಮುಖ ಮಾಡಿ ಓಡುತ್ತಾರೆ, ಗೋಲ್‌ಕೀಪರ್ ಹತ್ತಿರದ ಕಂಬಕ್ಕೆ ಅಂಟಿಕೊಳ್ಳುತ್ತಾನೆ. ಬಹಳಷ್ಟು ಸ್ಟ್ರೈಕರ್‌ಗಳೂ ಆ ನೂಕುನುಗ್ಗಲಿಗೇ ನುಗ್ಗುತ್ತಾರೆ. ಈತ ಹಾಗಲ್ಲ: ಎರಡು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತಾನೆ. ಎಲ್ಲರೂ ಮುಂದೆ ಹೋದಾಗ ಹಿಂದೆ ಒಂದು ಖಾಲಿ ಜಾಗ ಹುಟ್ಟುತ್ತದೆ. ನೆಲದ ಮೇಲೆ ಹಿಂದಕ್ಕೆ ಎಳೆದ ಪಾಸ್ ಅಲ್ಲಿಗೇ ಬರುತ್ತದೆ. ಇಲ್ಲದಿದ್ದರೆ ದೂರದ ಸೆಂಟರ್-ಬ್ಯಾಕ್‌ನ (ನಡುವಿನ ಡಿಫೆಂಡರ್) ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಂತು, ಬದಿಯಿಂದ ಹೊಡೆದ ಕ್ರಾಸ್ ಗಾಳಿಗೇರಿದ ಮೇಲಷ್ಟೇ ಮುಂದೆ ಬರುತ್ತಾನೆ. ಹೊಡೆತದಲ್ಲಿ ಆಡಂಬರವಿಲ್ಲ. ಒಂದೇ ಟಚ್, ಹೆಚ್ಚೆಂದರೆ ಎರಡು. ಬಲಕ್ಕಿಂತ ಜಾಗ ನೋಡಿ ಇಡುವುದು. ಪೆನಾಲ್ಟಿಯೂ ಸೇವೆಯೊಳಗೇ ಸೇರಿದೆ.

ಇದಕ್ಕೆ ಬೇಕಾದ ಬಿಡಿಭಾಗಗಳು ಎರಡು. ಮೊದಲನೆಯದು, ಗೋಲ್ ಲೈನ್‌ವರೆಗೆ ಹೋಗಬಲ್ಲ ವಿಂಗರ್‌ಗಳು. ರೆಡಿಂಗ್‌ನಲ್ಲಿ ಬಲಕ್ಕೆ ಜಿಮ್ಮಿ ಕೆಬೆ, ಎಡಕ್ಕೆ ಜೋಬಿ ಮೆಕನಫ್ ಇದ್ದರು. ಎರಡನೆಯದು, ಪಕ್ಕದಲ್ಲಿ ಮೈಕಟ್ಟಿನ ಇನ್ನೊಬ್ಬ ಸ್ಟ್ರೈಕರ್: ಉದ್ದ ಚೆಂಡನ್ನು ಎದೆಯಲ್ಲಿ ಹಿಡಿದು, ಬೆನ್ನಿಗೆ ಡಿಫೆಂಡರ್ ಒರಗಿದರೂ ಜಗ್ಗದವನು. 2012ರ ಜನವರಿಯಲ್ಲಿ ಜೇಸನ್ ರಾಬರ್ಟ್ಸ್ ಬಂದ ಮೇಲೆ ರೆಡಿಂಗ್‌ಗೆ ಅದೂ ಸಿಕ್ಕಿತು. ಆ ಏಪ್ರಿಲ್‌ನಲ್ಲಿ ಪ್ರಶಸ್ತಿಗೆ ಪೈಪೋಟಿ ನಡೆಸುತ್ತಿದ್ದ ಸೌತಾಂಪ್ಟನ್‌ಅನ್ನು ಅವರದೇ ಅಂಗಳದಲ್ಲಿ 3-1ರಿಂದ ಸೋಲಿಸಿದಾಗ ಗೋಲು ಹಂಚಿಕೆ ಹೀಗಿತ್ತು: ರಾಬರ್ಟ್ಸ್ ಒಂದು, ಬದಲಿ ಆಟಗಾರನಾಗಿ ಬಂದ ಲೆ ಫಾಂಡ್ರೆ ಎರಡು.

ಬದಲಿ ಆಟಗಾರ ಅಂದೆವಲ್ಲ, ಈ ಸೇವೆಯ ಅಸಲಿ ವಿಶೇಷ ಅದೇ. ಎಪ್ಪತ್ತನೇ ನಿಮಿಷಕ್ಕೆ ಡಿಫೆಂಡರ್‌ಗಳ ಕಾಲು ಸೋತಿರುವುದಕ್ಕಿಂತ ಗಮನ ಸೋತಿರುತ್ತದೆ. ಕ್ರಾಸ್ ಬಂದಾಗಲೆಲ್ಲ ಹೆಗಲ ಮೇಲಿಂದ ಹಿಂದೆ ನೋಡುವ ಅಭ್ಯಾಸ ತಪ್ಪಿರುತ್ತದೆ. ಕಣ್ಮರೆಯಲ್ಲಿ ನಿಲ್ಲುವವನಿಗೆ ಇದಕ್ಕಿಂತ ಒಳ್ಳೆ ಹೊತ್ತು ಬೇರೆ ಇಲ್ಲ. 2013ರ ಜನವರಿ 19ರಂದು ನ್ಯೂಕ್ಯಾಸಲ್‌ನಲ್ಲಿ ರೆಡಿಂಗ್ 0-1 ಹಿಂದಿತ್ತು. ಈತ ಬೆಂಚ್‌ನಿಂದ ಎದ್ದು ಬಂದು 71 ಮತ್ತು 77ನೇ ನಿಮಿಷಗಳಲ್ಲಿ ಗೋಲು ಹೊಡೆದು ಪಂದ್ಯ ಗೆಲ್ಲಿಸಿದ. ಹನ್ನೊಂದು ದಿನಗಳ ನಂತರ ಚೆಲ್ಸಿ ಎದುರು 0-2 ಹಿಂದಿದ್ದಾಗ ಮತ್ತೆ ಬೆಂಚ್‌ನಿಂದಲೇ ಬಂದು 87ನೇ ನಿಮಿಷಕ್ಕೊಂದು, ತೊಂಬತ್ತು ನಿಮಿಷದ ಮೇಲೆ ಸೇರಿಸಿದ ಹೆಚ್ಚುವರಿ ಸಮಯದ ಐದನೇ ನಿಮಿಷಕ್ಕೊಂದು, 2-2. ಆ ತಿಂಗಳ ಪ್ರೀಮಿಯರ್ ಲೀಗ್ ಶ್ರೇಷ್ಠ ಆಟಗಾರ ಪ್ರಶಸ್ತಿ ಇವನಿಗೆ, ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಮೆಕ್‌ಡರ್ಮಟ್‌ಗೆ. ಮಾರ್ಚ್‌ನಲ್ಲಿ ಅದೇ ಮೆಕ್‌ಡರ್ಮಟ್‌ರನ್ನು ಕ್ಲಬ್ ಮನೆಗೆ ಕಳಿಸಿತು, ಮೇ ಹೊತ್ತಿಗೆ ತಂಡ ಕೆಳಗಿಳಿದಿತ್ತು. ಗೋಲಿನ ಸೇವೆ ಕೊಂಡರೆ ಡಿಫೆನ್ಸ್ ಉಚಿತವಾಗಿ ಬರುವುದಿಲ್ಲ.

ಕಾರ್ಡಿಫ್ ಕಥೆ ಬೇರೆ. 2014ರ ಮೇ ತಿಂಗಳಲ್ಲಿ ಈತನನ್ನು ಕೊಂಡ ಮ್ಯಾನೇಜರ್ ಬೇರೆ ಯಾರೂ ಅಲ್ಲ, ಊಲೆ ಗುನ್ನಾರ್ ಸೋಲ್‌ಷೇರ್. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬೆಂಚ್‌ನಿಂದ ಬಂದು 1999ರ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದುಕೊಟ್ಟವ. ಈ ಮಾಲಿನ ಗುಣ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ಆದರೆ ಸೆಪ್ಟೆಂಬರ್‌ಗೆ ಸೋಲ್‌ಷೇರ್ ಕೆಲಸವೇ ಹೋಯಿತು. ಕೆನ್‌ವಿನ್ ಜೋನ್ಸ್, ಫೆಡೆರಿಕೊ ಮಾಚೆಡಾ ಎಂದು ಸ್ಟ್ರೈಕರ್‌ಗಳ ಸಾಲೇ ಅಲ್ಲಿತ್ತು. ಹೊಸದಾಗಿ ಬಂದ ರಸೆಲ್ ಸ್ಲೇಡ್‌ಗೆ ಈತ ಹಿಂದಿನವರು ಬಿಟ್ಟುಹೋದ ಸಾಮಾನಾದ. ಲೀಗ್‌ನಲ್ಲಿ 3 ಗೋಲು, ಜನವರಿಗೆ ಲೋನ್ ಮೇಲೆ ಹೊರಗೆ. ಅಲೆಮಾರಿ ಸ್ಟ್ರೈಕರ್‌ಗಳ ವೃತ್ತಿ ಕೆಡುವುದು ಹೆಚ್ಚಾಗಿ ಇದೇ ರೀತಿ: ಕೊಂಡವನು ಒಬ್ಬ, ಬಳಸಬೇಕಾದವನು ಇನ್ನೊಬ್ಬ, ಮೂರು ವರ್ಷದ ಒಪ್ಪಂದ ಮಾತ್ರ ಹಾಗೇ ಉಳಿದಿರುತ್ತದೆ.

ಲೋನ್ ವ್ಯವಸ್ಥೆ ಹೇಗೆ ನಡೆಯುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮೂಲ ಕ್ಲಬ್ ಒಪ್ಪಂದವನ್ನು ಇಟ್ಟುಕೊಂಡೇ ಆಟಗಾರನನ್ನು ಕಳಿಸುತ್ತದೆ. ಸಂಬಳದಲ್ಲಿ ಎಷ್ಟು ಪಾಲನ್ನು ಯಾರು ಕೊಡಬೇಕು ಅನ್ನುವುದು ಚೌಕಾಸಿಯ ವಿಷಯ. ಮೂಲ ಕ್ಲಬ್ ಎದುರಿನ ಪಂದ್ಯದಲ್ಲಿ ಸಾಮಾನ್ಯವಾಗಿ ಆಡಿಸುವಂತಿಲ್ಲ. ಪಂದ್ಯದ ದಿನದ ತಂಡದಲ್ಲಿ ಎಷ್ಟು ಲೋನ್ ಆಟಗಾರರು ಇರಬಹುದು ಅನ್ನುವುದಕ್ಕೂ ಮಿತಿ ಇದೆ. ಮೊದಲೆಲ್ಲ ವಿಂಡೋ, ಅಂದರೆ ಆಟಗಾರರನ್ನು ಕೊಳ್ಳುವ ಅವಧಿ, ಮುಚ್ಚಿದ ಮೇಲೂ ಫುಟ್‌ಬಾಲ್ ಲೀಗ್ (ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಮೂರು ದರ್ಜೆ) ಕ್ಲಬ್‌ಗಳು ತುರ್ತು ಲೋನ್ ಮೇಲೆ ಆಟಗಾರರನ್ನು ತರಬಹುದಿತ್ತು. 2016-17ರಿಂದ ಆ ಬಾಗಿಲು ಮುಚ್ಚಿತು. ಹಾಗಾಗಿ ಈಗ ಆಗಸ್ಟ್ ಬಿಟ್ಟರೆ ಜನವರಿ. ನಡುವೆ ಸ್ಟ್ರೈಕರ್ ಕಾಲು ಮುರಿದುಕೊಂಡರೆ ಇದ್ದವರಲ್ಲೇ ಸುಧಾರಿಸಬೇಕು. ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಿಗೆ ಪಕ್ಕದೂರಿನಿಂದ ಗೆಸ್ಟ್ ಪ್ಲೇಯರ್ ಕರೆಸುವ ಹಾಗೆಯೇ ಇದು. ಬಂದವನಿಗೆ ಮೊದಲ ಓವರ್‌ನಲ್ಲೇ ಬ್ಯಾಟ್ ಕೊಡದಿದ್ದರೆ ಕರೆಸಿದ್ದೇ ದಂಡ.

ಲೋನ್ ಗಿರಾಕಿಗಳಲ್ಲಿ ಬೋಲ್ಟನ್ ಜಾಣತನ ತೋರಿಸಿತು. 2014ರ ಜನವರಿಯಲ್ಲಿ ರೆಡಿಂಗ್ ಬೋಲ್ಟನ್ ಮೇಲೆ 7-1ರಿಂದ ಗೆದ್ದಾಗ ಲೆ ಫಾಂಡ್ರೆ ಹ್ಯಾಟ್ರಿಕ್ ಹೊಡೆದಿದ್ದ. ಸರಿಯಾಗಿ ಒಂದು ವರ್ಷಕ್ಕೆ ಅದೇ ಬೋಲ್ಟನ್ ಅವನನ್ನೇ ಎರವಲು ತಂದಿತು. ಪೆಟ್ಟು ತಿಂದವರಿಗೇ ಕೋಲಿನ ಬೆಲೆ ಗೊತ್ತಿತ್ತೇನೋ. ಮ್ಯಾನೇಜರ್ ನೀಲ್ ಲೆನನ್ ತಂಡದಲ್ಲಿ ಆಗ ಎಮಿಲ್ ಹೆಸ್ಕಿ, ಐಡರ್ ಗುಡ್ಯೊನ್‌ಸನ್ ಇದ್ದರು. ವಯಸ್ಸಾಗಿದ್ದರೂ ಚೆಂಡು ಹಿಡಿದು ನಿಲ್ಲಿಸಬಲ್ಲವರು. ಬೇಕಾದ ಬಿಡಿಭಾಗ ಕಣ್ಣೆದುರಿಗಿತ್ತು: ಅರ್ಧ ಸೀಸನ್‌ನಲ್ಲಿ 8 ಗೋಲು. ಮುಂದಿನ ವರ್ಷ ವುಲ್ವ್ಸ್‌ನಲ್ಲಿ ಇಡೀ ಸೀಸನ್‌ಗೆ ಲೀಗ್‌ನಲ್ಲಿ 3. ವಿಗನ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 2017ರ ಜನವರಿಗೆ ಮತ್ತೆ ಬೋಲ್ಟನ್, ಮತ್ತೆ ಗೋಲು; ತಂಡ ಮೂರನೇ ದರ್ಜೆಯ ಲೀಗ್ ಒನ್‌ನಿಂದ ಮೇಲೇರಿತು. ಮರುವರ್ಷ ಕೊನೆಯ ದಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಗೆದ್ದರಷ್ಟೇ ಉಳಿವು ಅನ್ನುವ ಪಂದ್ಯದಲ್ಲಿ ಮೊದಲ ಗೋಲು ಈತನದು. ನಂತರ 1-2 ಹಿಂದೆ ಬಿದ್ದ ತಂಡವನ್ನು ಡೇವಿಡ್ ವೀಟರ್ ಸಮಕ್ಕೆ ತಂದ. 88ನೇ ನಿಮಿಷಕ್ಕೆ 3-2 ಮಾಡಿ ಉಳಿಸಿದವನು 38 ವರ್ಷದ ಏರನ್ ವಿಲ್‌ಬ್ರಹಾಮ್, ಅವನೂ ಇದೇ ಜಾತಿಯ ಅಲೆಮಾರಿ ಸ್ಟ್ರೈಕರ್.

ಒಬ್ಬನೇ ಸ್ಟ್ರೈಕರ್ ಆಗಿ ನಿಲ್ಲಿಸಿ ಮೂವತ್ತು ಗಜದಾಚೆಯಿಂದ ಎತ್ತರದ ಚೆಂಡು ಎಸೆಯುವ ತಂಡ ಈ ಸೇವೆಯನ್ನು ಕೊಳ್ಳಲೇಬಾರದು. ಆರಡಿ ಮೂರಂಗುಲದ ಸೆಂಟರ್-ಬ್ಯಾಕ್ ಮುಂದೆ ಐದಡಿ ಒಂಬತ್ತರವನು ತಲೆ ಕೊಡಲಾರ. ಚೆಂಡು ಹಿಂದಿರುಗುತ್ತದೆ, ತಂಡ ಮೇಲೇರಲು ಸಮಯವೇ ಸಿಗುವುದಿಲ್ಲ, ಮ್ಯಾನೇಜರ್ ಐವತ್ತೈದನೇ ನಿಮಿಷಕ್ಕೆ ಇವನನ್ನೇ ಹೊರಗೆ ಕರೆಯುತ್ತಾನೆ. ತೀರ್ಪು ಬರೆಯುವವರು ಫಾರ್ಮ್ ಹೋಯಿತು ಅನ್ನುತ್ತಾರೆ. ಹೋದದ್ದು ಫಾರ್ಮ್ ಅಲ್ಲ, ಸಪ್ಲೈ.

ಬಾಳಿಕೆಯ ವಿಷಯಕ್ಕೆ ಬಂದರೆ ಪೂರ್ಣ ಅಂಕ. ಓಟದ ವೇಗವನ್ನು ನಂಬಿದ ಸ್ಟ್ರೈಕರ್ ಮೂವತ್ತಕ್ಕೆ ಕೈಕೊಡುತ್ತಾನೆ. ಜಾಗ ನೋಡಿ ನಿಲ್ಲುವವನಿಗೆ ಆ ಭಯ ಕಡಿಮೆ. 2018ರಲ್ಲಿ, ಮೂವತ್ತೊಂದು ದಾಟಿದ ಮೇಲೆ, ಸಿಡ್ನಿ ಎಫ್‌ಸಿಗೆ ಹೋದ. ಹಿಂದಿನ ಸೀಸನ್‌ನಲ್ಲಿ ಗೋಲುಗಳ ಸುರಿಮಳೆ ಸುರಿಸಿದ್ದ ಬ್ರೆಜಿಲ್‌ನ ಬೋಬೊ ಜಾಗ ತುಂಬಬೇಕಿತ್ತು. ಕೋಚ್ ಸ್ಟೀವ್ ಕೋರಿಕಾ ಇಬ್ಬರು ಸ್ಟ್ರೈಕರ್‌ಗಳನ್ನು ಆಡಿಸುವವರು, ಹಿಂದೆ ಮಿಲೋಷ್ ನಿಂಕೊವಿಚ್‌ನಂಥ ಪಾಸ್‌ಗಾರ. ಎರಡು ಸೀಸನ್‌ನಲ್ಲಿ ಮೂವತ್ತಕ್ಕೂ ಮೀರಿ ಗೋಲು, ಎರಡೂ ಬಾರಿ ಆಸ್ಟ್ರೇಲಿಯಾದ ಎ-ಲೀಗ್ ಕಿರೀಟ.

ಅಲ್ಲಿಂದ ಒಂದು ಸೀಸನ್‌ಗೆ ಎರವಲು ಬಂದದ್ದು ಮುಂಬೈ ಸಿಟಿಗೆ, 2020-21ರ ಕೋವಿಡ್ ವರ್ಷದ ಐಎಸ್‌ಎಲ್‌ಗೆ. ಎಲ್ಲ ಪಂದ್ಯಗಳೂ ಗೋವಾದಲ್ಲಿ, ಬಯೋ-ಬಬಲ್‌ನಲ್ಲಿ. ಸೆರ್ಜಿಯೊ ಲೊಬೆರಾ ಮುಂದೆ ಒಬ್ಬನೇ ಸ್ಟ್ರೈಕರ್ ಇಡುವ ಕೋಚ್. ಮೇಲೆ ಹೇಳಿದ ಲೆಕ್ಕದಲ್ಲಿ ಇದು ಕೈಕೊಡಬೇಕಿತ್ತು. ಕೊಡಲಿಲ್ಲ, ಏಕೆಂದರೆ ಆ ತಂಡ ಚೆಂಡನ್ನು ಎಸೆಯುತ್ತಿರಲಿಲ್ಲ, ನಡೆಸಿಕೊಂಡು ಬರುತ್ತಿತ್ತು: ಅಹ್ಮದ್ ಜಾಹೂ ಹಿಂದಿನಿಂದ, ಹ್ಯೂಗೊ ಬುಮೂ ನಡುವಿನಿಂದ, ಬಿಪಿನ್ ಸಿಂಗ್ ಬದಿಯಿಂದ. ಗೋವಾ ಎದುರು ಹೆಚ್ಚುವರಿ ಸಮಯದ ಪೆನಾಲ್ಟಿಯಿಂದ 1-0 ಗೆಲುವು ತಂದು ಖಾತೆ ತೆರೆದ ಲೆ ಫಾಂಡ್ರೆ ಒಟ್ಟು 11 ಹೊಡೆದ. ಆ ಸೀಸನ್‌ನಲ್ಲಿ ಅಂಗಳದಲ್ಲಿ ಐವರು ವಿದೇಶಿಯರಿಗೆ ಅವಕಾಶವಿತ್ತು. ಲೊಬೆರಾ ಅದನ್ನು ಹಾಳು ಮಾಡದೆ ಈತನನ್ನೂ ಬಾರ್ತಲೊಮ್ಯೂ ಒಗ್ಬೆಚೆಯನ್ನೂ ಸರದಿಯಲ್ಲಿ ಬಳಸಿದರು. ಒಬ್ಬ ಡಿಫೆಂಡರ್‌ಗಳನ್ನು ದಣಿಸಿದರೆ ಇನ್ನೊಬ್ಬ ಬಂದು ಕೊಯ್ಲು ಮಾಡುತ್ತಿದ್ದ. ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಸಿಗುವ ಶೀಲ್ಡ್, ಫೈನಲ್ ಗೆದ್ದವರ ಟ್ರೋಫಿ ಎರಡನ್ನೂ ಒಂದೇ ವರ್ಷ ಗೆದ್ದ ಮೊದಲ ತಂಡ ಮುಂಬೈ. ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಫೆಬ್ರುವರಿಯ ಪಂದ್ಯ ನೆನಪಿರಬಹುದು: ಕ್ಲೇಟನ್ ಸಿಲ್ವಾ ಎರಡು, ಸುನಿಲ್ ಛೆಟ್ರಿ ಎರಡು, ನಾವು 4-2ರಿಂದ ಗೆದ್ದೆವು. ಮುಂಬೈನ ಆ ಎರಡೂ ಈತನವು. ನಮ್ಮ ಡಿಫೆನ್ಸ್ ಆವತ್ತೂ ಹೆಗಲ ಮೇಲಿಂದ ಹಿಂದೆ ನೋಡಲಿಲ್ಲ.

ಆರಂಭದ ವರ್ಷಗಳ ಬಗ್ಗೆ ಎರಡು ಮಾತು ಸಾಕು. ರೋಚ್‌ಡೇಲ್‌ನಲ್ಲಿದ್ದಾಗ 2008ರ ಪ್ಲೇ-ಆಫ್ ಫೈನಲ್‌ನಲ್ಲಿ ತಂಡ ಸೋತದ್ದು ಹುಟ್ಟೂರಿನ ಸ್ಟಾಕ್‌ಪೋರ್ಟ್‌ಗೆ, 3-2. ರಾದರಮ್‌ನಲ್ಲಿದ್ದಾಗ 2010ರ ಪ್ಲೇ-ಆಫ್ ಫೈನಲ್, ಡ್ಯಾಗೆನಮ್ ಎದುರು, ಮತ್ತದೇ 3-2. ರಾದರಮ್ ಆಗ ಸ್ವಂತ ಊರಲ್ಲೂ ಆಡುತ್ತಿರಲಿಲ್ಲ; ಶೆಫೀಲ್ಡ್‌ನ ಡಾನ್ ವ್ಯಾಲಿ ಎಂಬ ಅಥ್ಲೆಟಿಕ್ಸ್ ಕ್ರೀಡಾಂಗಣದಲ್ಲಿ, ಓಟದ ಟ್ರ್ಯಾಕ್ ಆಚೆ ಕೂತ ಪ್ರೇಕ್ಷಕರ ಮುಂದೆ ಆಟ. ಅಂಥಲ್ಲಿ ಎರಡು ಸೀಸನ್‌ನಲ್ಲಿ ಐವತ್ತರ ಆಸುಪಾಸು ಲೀಗ್ ಗೋಲು ಹೊಡೆದವನನ್ನು ದೊಡ್ಡ ಕ್ಲಬ್‌ಗಳು ಅಷ್ಟು ಹೊತ್ತು ನೋಡದೆ ಬಿಟ್ಟಿದ್ದೇ ಆಶ್ಚರ್ಯ.

ಇದೇ ಅಂಗಡಿ ಸಾಲಿನ ಇನ್ನೊಂದು ಮಾಲು ಬೇಕೆಂದರೆ ರಿಕಿ ಲ್ಯಾಂಬರ್ಟ್. ಅವನೂ ಸ್ಟಾಕ್‌ಪೋರ್ಟ್, ರೋಚ್‌ಡೇಲ್ ಹಾದಿಯಲ್ಲೇ ಬಂದವ. ಮೇಲೆ ಹೇಳಿದ 3-1ರ ಪಂದ್ಯದಲ್ಲಿ ಸೌತಾಂಪ್ಟನ್‌ನ ಒಂಟಿ ಗೋಲು ಅವನದೇ. ಲ್ಯಾಂಬರ್ಟ್ ಎತ್ತರದವ, ಚೆಂಡು ಹಿಡಿಯಬಲ್ಲ, ಫ್ರೀ-ಕಿಕ್ ಹೊಡೆಯಬಲ್ಲ, ಒಬ್ಬನೇ ನಿಂತರೂ ನಡೆಯುತ್ತದೆ. ಇಂಗ್ಲೆಂಡ್ ತಂಡದವರೆಗೂ ಹೋದ. ಬಿಡಿಭಾಗ ಹುಡುಕುವ ತಾಪತ್ರಯ ಬೇಡ ಅನ್ನುವವರಿಗೆ ಅದು ಸರಿ. ವಿಂಗರ್‌ಗಳು ಈಗಾಗಲೇ ಇದ್ದು, ದುಡ್ಡು ಕಡಿಮೆ ಇದ್ದು, ಎಪ್ಪತ್ತನೇ ನಿಮಿಷದಲ್ಲಿ ಒಂದು ಗೋಲು ಬೇಕು ಅನ್ನುವವರಿಗೆ ಲೆ ಫಾಂಡ್ರೆ ಮಾದರಿಯವನೇ ಬೇಕು. ಕೊಳ್ಳುವ ಮುಂಚೆ ಒಟ್ಟು ಗೋಲಿನ ಸಂಖ್ಯೆ ನೋಡಿ ಮರುಳಾಗಬೇಡಿ. ಹಿಂದಿನ ಕ್ಲಬ್‌ನಲ್ಲಿ ಗೋಲಿಗೆ ಮುಂಚಿನ ಪಾಸ್ ಎಲ್ಲಿಂದ ಬಂತು, ಪಕ್ಕದಲ್ಲಿ ಯಾರಿದ್ದರು, ಎಷ್ಟು ಪೆನಾಲ್ಟಿ, ಎಷ್ಟನೇ ನಿಮಿಷ ಅನ್ನುವುದನ್ನು ವಿಡಿಯೊ ಹಾಕಿ ಬರೆದಿಟ್ಟುಕೊಳ್ಳಿ. ಮ್ಯಾನೇಜರ್ ಕುರ್ಚಿ ಡಿಸೆಂಬರ್‌ವರೆಗೆ ಭದ್ರವೇ ಅನ್ನುವುದನ್ನೂ ಅಧ್ಯಕ್ಷರ ಹತ್ತಿರ ಕೇಳಿಕೊಳ್ಳಿ. ಭದ್ರವಿಲ್ಲದಿದ್ದರೆ ಮೂರು ವರ್ಷಕ್ಕೆ ಸಹಿ ಹಾಕದೆ ಜನವರಿವರೆಗಿನ ಲೋನ್ ಸಾಕು.