ಮುಂಬೈಯಿಂದ ನ್ಯೂಯಾರ್ಕ್: ನೇರ ಹೋಗೋದಾ, ದುಬೈ ಮೇಲಾ, ಲಂಡನ್ ಮೇಲಾ?

ತಮ್ಮ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿಯಲ್ಲಿದ್ದಾನೆ. ಹಾಗಾಗಿ ಮೂರೂ ದಾರಿಯಲ್ಲಿ ಹೋಗಿ ಬಂದಿದ್ದೇನೆ, ಕೆಲವು ಸಲ ಅಮ್ಮನ ಜೊತೆ. "ದುಬೈ ಮೇಲೆ ಹೋದ್ರೆ ತುಂಬಾ ಸುತ್ತು ಅಲ್ವಾ?" ಅಂತ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಕನ್ನಡದವರು ಕೇಳುತ್ತಲೇ ಇರುತ್ತಾರೆ. ಸುತ್ತು ಅಷ್ಟೇನಿಲ್ಲ.

ಮುಂಬೈಯಿಂದ ನ್ಯೂಯಾರ್ಕ್‌ನ ಕೆನಡಿ ನಿಲ್ದಾಣಕ್ಕೆ ನೇರ ಅಳೆದರೆ ಸುಮಾರು 12,500 ಕಿ.ಮೀ. ದುಬೈಗೆ 1,900, ಅಲ್ಲಿಂದ ಮುಂದೆ 11,000. ಲಂಡನ್‌ಗೆ 7,200, ಅಲ್ಲಿಂದ 5,500. ಕೂಡಿ ನೋಡಿ: ದುಬೈ ದಾರಿ 400 ಕಿ.ಮೀ. ಜಾಸ್ತಿ, ಲಂಡನ್ ದಾರಿ ಬರೀ 200. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ ಅದು ಅರ್ಧ ಗಂಟೆಯ ಮಾತೂ ಅಲ್ಲ. ಗೋಡೆಯ ಮ್ಯಾಪಿನಲ್ಲಿ ಲಂಡನ್ ಎಲ್ಲೋ ಮೇಲಿದೆ ಅನಿಸುತ್ತದೆ. ಮಕ್ಕಳ ಗ್ಲೋಬ್ ತಗೊಂಡು ಮುಂಬೈಯಿಂದ ನ್ಯೂಯಾರ್ಕ್‌ಗೆ ದಾರ ಬಿಗಿದು ನೋಡಿ. ದಾರ ಲಂಡನ್‌ಗಿಂತಲೂ ಮೇಲೆ, ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಹೋಗುತ್ತದೆ.

ಜಾಸ್ತಿ ಸಮಯ ಹೋಗುವುದು ನೆಲದ ಮೇಲೆ, ಇಳಿದು ಕಾಯುವಾಗ.

ನೇರ ಫ್ಲೈಟು ಹೋಗುವಾಗ 16 ಗಂಟೆ ಆಸುಪಾಸು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ಆಮೇಲೆ ನಮ್ಮ ದೇಶದ ಕಂಪನಿಗಳ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಒಮ್ಮೆ ಹತ್ತಿ ಕೂತರೆ ಮುಗಿಯಿತು, ಗೇಟು ಹುಡುಕುವ ಗೋಜಿಲ್ಲ. ಆದರೆ ಹತ್ತನೇ ಗಂಟೆ ದಾಟಿದ ಮೇಲೆ ಅಮ್ಮನ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಸೀಟುಗಳ ನಡುವೆ ಕೈ ಹಿಡಿದು ನಡೆಸುತ್ತಿದ್ದೆ.

ದುಬೈ ದಾರಿಯಲ್ಲಿ ಟಿಕೆಟ್ ಅಗ್ಗ ಸಿಕ್ಕಿತ್ತು. ನಮ್ಮದು ಬೆಳಗಿನ ಜಾವದ ಫ್ಲೈಟು. ಡೊಂಬಿವಲಿಯಿಂದ ಸಹಾರ್ ವಿಮಾನ ನಿಲ್ದಾಣಕ್ಕೆ ರಾತ್ರಿಯೇ ಹೊರಡಬೇಕು, ನಿದ್ದೆ ಕೆಟ್ಟಿತು. ಮೂರು ಗಂಟೆ ಹಾರಿ, ಕಣ್ಣು ಹತ್ತುವ ಹೊತ್ತಿಗೆ ಇಳಿಯಿರಿ ಅಂತಾರೆ. ಮತ್ತೆ ಸೆಕ್ಯುರಿಟಿ, ಉದ್ದುದ್ದ ನಡಿಗೆ, ಆಮೇಲೆ 14 ಗಂಟೆ ಒಂದೇ ಸಮನೆ. ಬಿಡುವು ಬೇಡದ ಹೊತ್ತಿಗೆ ಬಿಡುವು ಸಿಗುತ್ತದೆ, ಬೇಕಾದಾಗ ಇಲ್ಲ. ವಯಸ್ಸಾದವರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಲಂಡನ್ ದಾರಿಯಲ್ಲಿ ಒಂಬತ್ತೂವರೆ ಗಂಟೆ, ಆಮೇಲೆ ಎಂಟು. ಗಾಳಿಯಲ್ಲಿರುವ ಹೊತ್ತು ಮೂರರಲ್ಲೂ ಇದೇ ಜಾಸ್ತಿ. ಆದರೂ ಹೋಗುವಾಗ ನನಗೆ ಇದೇ ಇಷ್ಟ. ಕಾಲು ಸೋತಾಗ ಸರಿಯಾಗಿ ನೆಲ ಸಿಗುತ್ತದೆ. ಹೀಥ್ರೋದಲ್ಲಿ ಅಮ್ಮ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ಡಬ್ಬಿಯಲ್ಲಿದ್ದ ಮೆಂತ್ಯದ ಚಪಾತಿ ತಿಂದು, ಎಂಟು ಗಂಟೆ ಏನ್ ಮಹಾ ಅಂದರು. ಟರ್ಮಿನಲ್ ಬದಲಾಗುವುದಿದ್ದರೆ ಮಾತ್ರ ಬಸ್ ಹತ್ತಬೇಕು, ಕೈಯಲ್ಲಿ ಮೂರು ಗಂಟೆಯಾದರೂ ಇರಲಿ.

ಬರುವಾಗ ಲೆಕ್ಕವೇ ಬೇರೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ನೇರ ಫ್ಲೈಟಿಗೆ ಒಂದು ಗಂಟೆಯಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಉಳಿಯುತ್ತದೆ. ದಣಿದು ಮನೆಗೆ ಬರುವಾಗ ನಡುವೆ ಇಳಿಯಲು ಮನಸ್ಸೂ ಬರುವುದಿಲ್ಲ. ಹಾಗಾಗಿ ಅಮ್ಮನಿಗೆ ಹೋಗುವಾಗ ಲಂಡನ್, ಬರುವಾಗ ನೇರ.

ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿಬಿಡಿ. ಎರಡೂ ಫ್ಲೈಟು ಒಂದೇ ಬುಕಿಂಗ್‌ನಲ್ಲಿ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ವ್ಯವಸ್ಥೆ ಮಾಡುವ ಹೊಣೆ ಆಗ ಕಂಪನಿಯದು.